ಬುಜುಕಿಯನ್ನು ಐರ್ಲೆಂಡಿಗೆ ಒಗ್ಗಿಸಿದ ತಂಡ

ಪ್ರಶ್ನೆ: ಫೇರ್‌ಪೋರ್ಟ್ ಕನ್ವೆನ್ಷನ್, ಪೆಂಟ್ಯಾಂಗಲ್, ಸ್ಟೀಲೈ ಸ್ಪ್ಯಾನ್ ತಂಡಗಳನ್ನೆಲ್ಲ ಇತ್ತೀಚೆಗೆ ಕೇಳಲು ಶುರುಮಾಡಿದ್ದೇನೆ. ಜಾನಪದ ಹಾಡಿಗೆ ರಾಕ್ ಬೆರೆಸುತ್ತಿದ್ದ ಅದೇ ಫೋಕ್-ರಾಕ್ ಕಾಲದಲ್ಲಿ ಎಲೆಕ್ಟ್ರಿಕ್ ಗಿಟಾರ್, ಡ್ರಮ್ಸ್ ಇಲ್ಲದೆ ನುಡಿಸುತ್ತಿದ್ದ, ಅಷ್ಟಾಗಿ ಹೆಸರು ಕೇಳಿಬರದ, ಆದರೆ ನಿಜಕ್ಕೂ ಮುಖ್ಯವಾದ ಒಂದೇ ಒಂದು ತಂಡ ಹೇಳಿ ಎಂದರೆ ಯಾರನ್ನು ಹೇಳುತ್ತೀರಿ? ಅವರನ್ನು ಜನ ಮರೆತದ್ದೇಕೆ? ನಾನು ಅಲ್ಪಸ್ವಲ್ಪ ಮ್ಯಾಂಡೊಲಿನ್ ನುಡಿಸುತ್ತೇನೆ. ಅವರಿಂದ ನಾನು ಕಲಿಯುವಂಥದ್ದು ಏನಾದರೂ ಇದೆಯೇ?

ಉತ್ತರ: ಒಂದೇ ಹೆಸರು ಸಾಕು ಎಂದರೆ ನನ್ನ ಆಯ್ಕೆ ಐರ್ಲೆಂಡಿನ ಸ್ವೀನೀಸ್ ಮೆನ್. 1966ರಿಂದ 1969ರವರೆಗೆ, ಹೆಚ್ಚೆಂದರೆ ಮೂರೂವರೆ ವರ್ಷ ಇದ್ದರು. ಎರಡು ಎಲ್‌ಪಿ, ಕೆಲವು ಸಿಂಗಲ್‌ಗಳು, ಅಷ್ಟೇ ಅವರ ಗಳಿಕೆ. ನೀವು ಹೆಸರಿಸಿದ ಮೂರು ತಂಡಗಳಲ್ಲೂ ಇವರ ಗುರುತು ಇದೆ. ಸ್ಟೀಲೈ ಸ್ಪ್ಯಾನ್ ಅಂತೂ ಅರ್ಧ ಇವರ ಮನೆಯಿಂದಲೇ ಹೊರಟದ್ದು. ಅದನ್ನು ಆಮೇಲೆ ಹೇಳುತ್ತೇನೆ.

ಮೊದಲು ಆ ಕಾಲದ ಹಿನ್ನೆಲೆ. ಅರವತ್ತರ ದಶಕದ ನಡುವಿನ ಹೊತ್ತಿಗೆ ಐರ್ಲೆಂಡಿನಲ್ಲಿ ಲಾವಣಿ ತಂಡಗಳ ಅಬ್ಬರ. ಕ್ಲಾನ್ಸಿ ಸಹೋದರರು ಅಮೆರಿಕದಲ್ಲಿ ಹೆಸರು ಮಾಡಿದ ಮೇಲೆ ಊರೂರಿಗೂ ಅವರ ನಕಲುಗಳು ಹುಟ್ಟಿಕೊಂಡವು: ಎಲ್ಲರಿಗೂ ಒಂದೇ ಬಗೆಯ ಬಿಳಿ ಉಣ್ಣೆಯ ಆರನ್ ಸ್ವೆಟರ್, ಕೈಯಲ್ಲಿ ಗಿಟಾರ್, ಪಲ್ಲವಿ ಬಂದಾಗ ಎಲ್ಲರೂ ಸೇರಿ ಗಟ್ಟಿ ದನಿಯಲ್ಲಿ ಹಾಡು. 1967ರಲ್ಲಿ ಡಬ್ಲಿನರ್ಸ್ ತಂಡದ ‘ಸೆವೆನ್ ಡ್ರಂಕನ್ ನೈಟ್ಸ್’ ಬ್ರಿಟನ್ನಿನ ಹಿಟ್ ಪಟ್ಟಿಯನ್ನೂ ಹತ್ತಿತು. ಇದು ಒಂದು ಕಡೆ. ಇನ್ನೊಂದು ಕಡೆ, ಸೂಟು ತೊಟ್ಟು ರೇಡಿಯೊದ ಹಾಡುಗಳನ್ನೇ ನೃತ್ಯಮಂದಿರಗಳಲ್ಲಿ ನುಡಿಸುತ್ತಿದ್ದ ಷೋಬ್ಯಾಂಡ್‌ಗಳು. ಈ ಎರಡೂ ಬೇಡ ಎಂದವರು ಮೂವರು: ಡಬ್ಲಿನ್ನಿನ ಜಾನಿ ಮಾಯ್ನಿಹನ್, ಲಂಡನ್ನಿನಲ್ಲಿ ಹುಟ್ಟಿ ಡಬ್ಲಿನ್ನಿಗೆ ಬಂದು ನೆಲೆಸಿದ ಆಂಡಿ ಅರ್ವೈನ್, ಗಾಲ್ವೇ ಊರಿನ ಜೋ ಡೋಲನ್. ತಂಡ ಕೂಡಿದ್ದೂ ಗಾಲ್ವೇಯಲ್ಲೇ. ಸ್ವೀನಿ ಎಂಬುದು ಐರಿಷ್ ಪುರಾಣದ ಒಬ್ಬ ಹುಚ್ಚು ರಾಜ. ಸಂತನ ಶಾಪಕ್ಕೆ ಸಿಕ್ಕಿ, ಬುದ್ಧಿ ಕೆಟ್ಟು, ಹಕ್ಕಿಯ ಹಾಗೆ ಮರದಿಂದ ಮರಕ್ಕೆ ಹಾರಿಕೊಂಡು ಅಲೆದವನು. ಅಲೆಮಾರಿಗಳ ಈ ತಂಡಕ್ಕೆ ತಕ್ಕ ಹೆಸರೇ.

ಅಲೆಮಾರಿ ಎಂದದ್ದು ಅಲಂಕಾರಕ್ಕಲ್ಲ. ಡೋಲನ್ 1967ರಲ್ಲಿ ತಂಡ ಬಿಟ್ಟು ಇಸ್ರೇಲಿನ ದಾರಿ ಹಿಡಿದರು. ಆರು ದಿನಗಳ ಯುದ್ಧಕ್ಕೆಂದು ಹೊರಟವರು ತಲುಪುವಷ್ಟರಲ್ಲಿ ಯುದ್ಧವೇ ಮುಗಿದಿತ್ತು ಎಂದು ಐರ್ಲೆಂಡಿನಲ್ಲಿ ಇವತ್ತಿಗೂ ನಗುತ್ತಾ ಹೇಳುತ್ತಾರೆ. ಆ ಪ್ರಯಾಣವನ್ನೇ ಅವರು ಹಾಡಾಗಿ ಕಟ್ಟಿದರು, ಮುಂದೆ ಐರಿಷ್ ಗಾಯಕ ಕ್ರಿಸ್ಟಿ ಮೂರ್ ಅದನ್ನು ಹಾಡಿದರು. (ಜೋ ಡೋಲನ್ ಎಂಬ ಹೆಸರಿನದೇ ಜನಪ್ರಿಯ ಪಾಪ್ ಗಾಯಕನೊಬ್ಬ ಐರ್ಲೆಂಡಿನಲ್ಲೇ ಇದ್ದ. ಅಂತರ್ಜಾಲದಲ್ಲಿ ಹುಡುಕುವಾಗ ಗಲಿಬಿಲಿಯಾಗಬೇಡಿ, ಇವರು ಬೇರೆ, ಅವರು ಬೇರೆ.) ಡೋಲನ್ ಜಾಗಕ್ಕೆ ಬಂದವರು ಟೆರಿ ವುಡ್ಸ್. ಬ್ಯಾಂಜೊ ಮತ್ತು ಹನ್ನೆರಡು ತಂತಿಯ ಗಿಟಾರ್ ಅವರ ಕೈಯಲ್ಲಿ. ಅಮೆರಿಕದ ಅಪಲಾಚಿಯನ್ ಬೆಟ್ಟಸೀಮೆಯ ಹಳೆಯ ಹಾಡುಗಳೆಂದರೆ ಅವರಿಗೆ ಪ್ರಾಣ.

ಇನ್ನು ಬುಜುಕಿ. ನನ್ನ ಮಟ್ಟಿಗೆ ಇಡೀ ಕಥೆಯ ಹೂರಣ ಇಲ್ಲಿದೆ. ಬುಜುಕಿ ಗ್ರೀಸ್ ದೇಶದ ವಾದ್ಯ. ಉದ್ದ ಕುತ್ತಿಗೆ, ಹಿಂಬದಿ ಬುರುಡೆಯ ಹಾಗೆ ಗುಂಡಗೆ, ಜೋಡಿ ಜೋಡಿ ಉಕ್ಕಿನ ತಂತಿಗಳು. ಗೆಳೆಯರೊಬ್ಬರ ಮೂಲಕ ಅಂಥ ಒಂದು ವಾದ್ಯ ಮಾಯ್ನಿಹನ್ ಕೈಸೇರಿತು. ಅವರು ಅದರಲ್ಲಿ ಗ್ರೀಕ್ ಸಂಗೀತ ನುಡಿಸಲು ಹೋಗಲಿಲ್ಲ. ಗ್ರೀಕರ ಸಿ-ಎಫ್-ಎ-ಡಿ ಶ್ರುತಿಯನ್ನು ಬಿಟ್ಟು ಜಿ-ಡಿ-ಎ-ಡಿ ಎಂದು ಶ್ರುತಿ ಮಾಡಿಕೊಂಡರು. ಮ್ಯಾಂಡೊಲಿನ್ ನುಡಿಸುವ ನಿಮಗೆ ಇದರ ಮರ್ಮ ಕೂಡಲೇ ಹೊಳೆಯಬೇಕು. ಮ್ಯಾಂಡೊಲಿನ್ನಿನ ಜಿ-ಡಿ-ಎ-ಇ ಶ್ರುತಿಯನ್ನೇ ಒಂದು ಸ್ಥಾಯಿ ಕೆಳಗೆ ತಂದು, ಕೊನೆಯ ಇ ಜೋಡಿಯನ್ನು ಮಾತ್ರ ಡಿಗೆ ಇಳಿಸಿದ್ದು. ಡಿಯನ್ನು ಷಡ್ಜ ಎಂದುಕೊಂಡರೆ ಬಿಟ್ಟ ತಂತಿಗಳಲ್ಲಿ ಮಂದ್ರ ಮಧ್ಯಮ, ಷಡ್ಜ, ಪಂಚಮ, ಮೇಲಿನ ಷಡ್ಜ ಸಿಗುತ್ತವೆ. ಎಡಗೈ ಮಟ್ಟನ್ನು ಹಿಡಿದು ಓಡುತ್ತಿರುವಾಗ ಪಕ್ಕದ ಬಿಟ್ಟ ತಂತಿಗಳು ತಾವಾಗಿ ಸ-ಪ ಹಿಡಿದು ನಿಲ್ಲುತ್ತವೆ. ಐರಿಷ್ ಮಟ್ಟುಗಳಿಗೆ ಬೇಕಿದ್ದದ್ದು ಇದೇ. ಗಿಟಾರಿನ ಕಾರ್ಡ್‌ಗಳು ಆ ಮಟ್ಟುಗಳ ಮೇಲೆ ಮೇಜರ್ ಅಥವಾ ಮೈನರ್ ಎಂಬ ಮುದ್ರೆ ಒತ್ತಿಬಿಡುತ್ತವೆ. ಗಾಂಧಾರವನ್ನೇ ಸೇರಿಸದ ಬರಿಯ ಸ-ಪ ಹಾಗೆ ಮಾಡುವುದಿಲ್ಲ. ಹಾಡು ತನ್ನ ಸ್ವಭಾವದಲ್ಲೇ ಉಳಿಯುತ್ತದೆ.

ಈಗ ಮೊದಲ ಆಲ್ಬಂ ತೆಗೆಯಿರಿ. ಹೆಸರು ತಂಡದ್ದೇ, ‘ಸ್ವೀನೀಸ್ ಮೆನ್’, 1968, ಲಂಡನ್ನಿನ ಟ್ರಾನ್ಸಟ್ಲಾಂಟಿಕ್ ಕಂಪನಿ. ಬಿಲ್ ಲೀಡರ್ ಇದರ ನಿರ್ಮಾಪಕ. ಮೊದಲ ಹಾಡು ‘ರ‍್ಯಾಟ್ಲಿನ್ ರೋರಿನ್ ವಿಲ್ಲಿ’. ಸ್ಕಾಟ್ಲೆಂಡಿನದು, ಪಿಟೀಲುಗಾರನೊಬ್ಬನ ಹಾಡು. ಮೊದಲ ಸಲ ಹಾಡುಗಾರಿಕೆಯನ್ನು ಬಿಟ್ಟು ಹಿಂದಿನ ತಂತಿಗಳನ್ನಷ್ಟೇ ಕೇಳಿ. ಅರ್ವೈನ್ ಅವರ ಮ್ಯಾಂಡೊಲಿನ್, ಮಾಯ್ನಿಹನ್ ಅವರ ಬುಜುಕಿ. ಗಿಟಾರ್ ತಂಡಗಳ ಹಾಗೆ ಒಬ್ಬರು ಮಟ್ಟು ನುಡಿಸಿ ಇನ್ನೊಬ್ಬರು ಜರ್ ಜರ್ ಎಂದು ತಾಳ ಹೊಡೆಯುವುದಿಲ್ಲ. ಇಬ್ಬರೂ ಮಟ್ಟನ್ನೇ ನುಡಿಸುತ್ತಾರೆ, ಆದರೆ ಒಂದೇ ಮಟ್ಟನ್ನಲ್ಲ. ಒಂದು ಮೇಲೇರಿದಾಗ ಇನ್ನೊಂದು ಕೆಳಗಿಳಿಯುತ್ತದೆ, ಒಂದು ಉಸಿರು ಬಿಟ್ಟಲ್ಲಿ ಇನ್ನೊಂದು ತುಂಬುತ್ತದೆ. ಕಿವಿಗೆ ಒಂದೇ ಹೆಣಿಗೆಯ ಹಾಗೆ ಬರುತ್ತದೆ, ಆದರೆ ಎಳೆ ಎರಡು. ಐರಿಷ್ ಹಾಡಿನ ಹಿಮ್ಮೇಳದಲ್ಲಿ ಇಂಥ ಹೆಣಿಗೆ ಇದಕ್ಕೆ ಮುಂಚೆ ಇರಲಿಲ್ಲ. ಇದಾದ ಮೇಲೆ ಇಂಥ ಹೆಣಿಗೆ ಇಲ್ಲದ ಒಳ್ಳೆಯ ತಂಡ ಸಿಗುವುದು ಕಷ್ಟ.

ಫೋಕ್-ರಾಕ್ ಚರಿತ್ರೆ ಬರೆಯುವವರು ಯಾರು ಯಾವ ವರ್ಷ ಎಲೆಕ್ಟ್ರಿಕ್ ಗಿಟಾರ್ ಹಿಡಿದರು ಎಂಬುದನ್ನೇ ಅಳತೆಗೋಲಾಗಿ ಇಟ್ಟುಕೊಳ್ಳುತ್ತಾರೆ. 1965ರಲ್ಲಿ ಬಾಬ್ ಡಿಲನ್ ನ್ಯೂಪೋರ್ಟ್ ಜಾನಪದ ಉತ್ಸವದಲ್ಲಿ, 1969ರಲ್ಲಿ ಫೇರ್‌ಪೋರ್ಟ್ ‘ಲೀಜ್ ಆಂಡ್ ಲೀಫ್’ ಆಲ್ಬಂನಲ್ಲಿ, ಹೀಗೆ. ಆಲ್ಬಂಗಳನ್ನು ಆ ಗೋಲಿನಲ್ಲಿ ಅಳೆದರೆ ಸ್ವೀನೀಸ್ ಮೆನ್ ಸೊನ್ನೆ. ಆದರೆ ಹಳೆಯ ಹಾಡನ್ನು ತಂಡ ಕಟ್ಟಿ ನುಡಿಸುವುದು ಹೇಗೆ ಎಂಬ ಪ್ರಶ್ನೆಗೆ ಆ ದಶಕದಲ್ಲಿ ಬಂದ ಎಲ್ಲ ಉತ್ತರಗಳಲ್ಲಿ ಹೆಚ್ಚು ದಿನ ಬಾಳಿದ್ದು ಇವರದೇ ಎಂದು ನನ್ನ ಖಚಿತ ಅಭಿಪ್ರಾಯ. ಅದಕ್ಕೆ ಕರೆಂಟ್ ಬೇಕಾಗಲಿಲ್ಲ.

ಅದೇ ಆಲ್ಬಂನ ಇನ್ನೊಂದು ಹಾಡಿನ ಹತ್ತಿರ ಸ್ವಲ್ಪ ನಿಲ್ಲಬೇಕು, ‘ವಿಲ್ಲಿ ಓ ವಿನ್ಸ್‌ಬರಿ’. ಇದು ಹಳೆಯ ಸ್ಕಾಟಿಷ್ ಕಥನಗೀತೆ. ಹಾರ್ವರ್ಡ್‌ನ ಪ್ರೊಫೆಸರ್ ಫ್ರಾನ್ಸಿಸ್ ಜೇಮ್ಸ್ ಚೈಲ್ಡ್ 305 ಲಾವಣಿಗಳನ್ನು ಸಂಪಾದಿಸಿ ನಂಬರು ಕೊಟ್ಟಿದ್ದಾರಲ್ಲ, ಅದರಲ್ಲಿ 100ನೆಯದು. ಬಹುಕಾಲ ಪರದೇಶದಲ್ಲಿದ್ದ ರಾಜ ಮನೆಗೆ ಬರುತ್ತಾನೆ. ಮಗಳ ಮುಖ ಬಿಳಿಚಿಕೊಂಡಿದೆ. ವಿಚಾರಿಸಿದರೆ ಬಸುರಿ, ಕಾರಣ ವಿಲ್ಲಿ ಎಂಬ ಹುಡುಗ. ಅವನನ್ನು ಗಲ್ಲಿಗೇರಿಸಿ ಎಂದು ರಾಜ ಅಬ್ಬರಿಸುತ್ತಾನೆ. ಕೆಂಪು ರೇಷ್ಮೆ ತೊಟ್ಟ ವಿಲ್ಲಿಯನ್ನು ಎದುರಿಗೆ ತಂದು ನಿಲ್ಲಿಸುತ್ತಾರೆ. ಅವನ ಚೆಲುವು ನೋಡಿ ರಾಜನೇ ದಂಗು. ನಾನು ಹೆಣ್ಣಾಗಿದ್ದರೆ ನಾನೇ ಇವನನ್ನು ಬಿಡುತ್ತಿರಲಿಲ್ಲ, ಮಗಳ ತಪ್ಪೇನಿದೆ ಎನ್ನುತ್ತಾನೆ. ಮಗಳ ಕೈ ಹಿಡಿ, ಜಮೀನು ಕೊಡುತ್ತೇನೆ ಎಂದರೆ ವಿಲ್ಲಿ ಮಗಳು ಸಾಕು, ನಿಮ್ಮ ಆಸ್ತಿ ಬೇಡ ಎನ್ನುತ್ತಾನೆ. ನೇಣಿನ ಹಾಡು ಮದುವೆಯ ಹಾಡಾಗಿ ಮುಗಿಯುತ್ತದೆ. ಅರ್ವೈನ್ ಇದನ್ನು ದನಿ ಏರಿಸದೆ, ಅಕ್ಕಪಕ್ಕದವರಿಗೆ ಸುದ್ದಿ ಹೇಳುವ ಹಾಗೆ ಹಾಡುತ್ತಾರೆ. ಅದರಿಂದಲೇ ಕಥೆಗೆ ಬಿಗಿ ಬಂದಿದೆ.

ತಮಾಷೆ ಇರುವುದು ಮಟ್ಟಿನಲ್ಲಿ. ಸಾಹಿತ್ಯ ಸಿಕ್ಕಿತ್ತು, ಮಟ್ಟಿಗಾಗಿ ಅರ್ವೈನ್ ಪುಸ್ತಕ ತಿರುವಿದರು. ನಂಬರುಗಳಲ್ಲಿ ಎಡವಿ ಬೇರೊಂದು ಲಾವಣಿಯ ಮಟ್ಟನ್ನು ಎತ್ತಿಕೊಂಡರು. ಅದು ‘ಫಾಸ್ ಫುಡ್ರೇಜ್’ ಎಂಬ, ವಿಲ್ಲಿಗೆ ಯಾವ ಸಂಬಂಧವೂ ಇಲ್ಲದ ಕೊಲೆಯ ಕಥೆಯ ಮಟ್ಟು. ಈ ಕಥೆಯನ್ನು ಅರ್ವೈನ್ ಅವರೇ ಹೇಳಿಕೊಂಡಿದ್ದಾರೆ. ಹಾಡು ಎಷ್ಟು ಚೆನ್ನಾಗಿ ಕೂತಿತೆಂದರೆ ಇವತ್ತು ಜಗತ್ತಿನಲ್ಲಿ ಹೆಚ್ಚಿನವರು ವಿಲ್ಲಿಯ ಕಥೆಯನ್ನು ಇದೇ ತಪ್ಪು ಮಟ್ಟಿನಲ್ಲಿ ಹಾಡುತ್ತಾರೆ. ಇಂಗ್ಲಿಷ್ ಗಾಯಕಿ ಆ್ಯನ್ ಬ್ರಿಗ್ಸ್ 1971ರಲ್ಲಿ ಹಾಡಿದರು. ನಿಮ್ಮ ಪೆಂಟ್ಯಾಂಗಲ್ 1972ರ ‘ಸಾಲೊಮನ್ಸ್ ಸೀಲ್’ನಲ್ಲಿ ಹಾಡಿತು. ಅದಕ್ಕೂ ಮುಂಚೆಯೇ ಫೇರ್‌ಪೋರ್ಟ್‌ನ ರಿಚರ್ಡ್ ಥಾಂಪ್ಸನ್ ಈ ಮಟ್ಟಿಗೆ ತಮ್ಮದೇ ಹೊಸ ಸಾಹಿತ್ಯ ಕೂಡಿಸಿದರು. ‘ಲೀಜ್ ಆಂಡ್ ಲೀಫ್’ನಲ್ಲಿ ಸ್ಯಾಂಡಿ ಡೆನಿ ಹಾಡಿರುವ ‘ಫೇರ್‌ವೆಲ್, ಫೇರ್‌ವೆಲ್’ ನೀವು ಖಂಡಿತ ಕೇಳಿರುತ್ತೀರಿ. ಎರಡನ್ನೂ ಒಂದರ ಹಿಂದೆ ಒಂದು ಹಾಕಿ, ಗುರುತು ಹಿಡಿಯಲು ಅರ್ಧ ನಿಮಿಷವೂ ಬೇಡ. ಇಂಗ್ಲಿಷ್ ಫೋಕ್-ರಾಕ್‌ನ ಕಿರೀಟ ಎಂದು ಕರೆಸಿಕೊಳ್ಳುವ ಆಲ್ಬಂ ಒಳಗೆ ಐರ್ಲೆಂಡಿನ ಒಂದು ಅಕೂಸ್ಟಿಕ್ ತಂಡದ ಕೈತಪ್ಪು ಕೂತಿದೆ.

ಉಳಿದ ಹಾಡುಗಳ ಊರು ನೋಡಿದರೆ ಐರಿಷ್ ತಂಡ ಎಂಬ ಹಣೆಪಟ್ಟಿಯೇ ಸಡಿಲವಾಗುತ್ತದೆ. ‘ದ ಹೌಸ್ ಕಾರ್ಪೆಂಟರ್’ ಅಮೆರಿಕಕ್ಕೆ ವಲಸೆ ಹೋದ ಲಾವಣಿ, ‘ಟಾಮ್ ಡೂಲಿ’ ಅಲ್ಲಿಯದೇ, ‘ಡೈಸಿ ರೈಲಿ’ ಡಬ್ಲಿನ್ನಿನ ಪಬ್ ಹಾಡು. ‘ಸಲಿವನ್ಸ್ ಜಾನ್’ ಕಟ್ಟಿದವರು ಪೆಕರ್ ಡನ್. ಐರ್ಲೆಂಡಿನಲ್ಲಿ ಟ್ರಾವೆಲರ್ಸ್ ಎಂದು ಕರೆಯುವ ಅಲೆಮಾರಿ ಸಮುದಾಯದ ಬ್ಯಾಂಜೊ ವಾದಕ. ಊರು ಬಿಟ್ಟು ಕಲಾಯಿಗಾರರ ಹುಡುಗಿಯ ಹಿಂದೆ ರಸ್ತೆ ಹಿಡಿದ ಹುಡುಗನ ಹಾಡು ಅದು. ಆ ಸಮುದಾಯವನ್ನು ಊರಿನವರು ಹತ್ತಿರ ಸೇರಿಸದಿದ್ದ ಕಾಲದಲ್ಲಿ ಅವರ ಹಾಡನ್ನು ಎಲ್‌ಪಿಗೆ ತಂದದ್ದು ಸಣ್ಣ ಸಂಗತಿಯಲ್ಲ. ಹಾಗೆಂದು ಇಡೀ ಆಲ್ಬಂ ಬಂಗಾರವೇನಲ್ಲ. ‘ಟಾಮ್ ಡೂಲಿ’ಯನ್ನು ಅಷ್ಟು ಹೊತ್ತಿಗೆ ಎಲ್ಲರೂ ಹಾಡಿ ಸವೆಸಿದ್ದರು, ಇವರು ಹೊಸದೇನನ್ನೂ ಕೊಡಲಿಲ್ಲ. ‘ಡೈಸಿ ರೈಲಿ’ಯನ್ನು ಬಿಟ್ಟು ಮುಂದೆ ಹೋದರೂ ನಷ್ಟವಿಲ್ಲ.

ಆಲ್ಬಂ ಬಂದ ವರ್ಷವೇ ಅರ್ವೈನ್ ಪೂರ್ವ ಯುರೋಪಿಗೆ ಹೊರಟುಬಿಟ್ಟರು. ಯುಗೊಸ್ಲಾವಿಯಾ, ಬಲ್ಗೇರಿಯಾ, ರೊಮೇನಿಯಾಗಳಲ್ಲಿ ಕೈತೋರಿಸಿ ಲಾರಿ-ಕಾರು ಹತ್ತಿ, ಬೀದಿಯಲ್ಲಿ ನುಡಿಸಿ ಹೊಟ್ಟೆ ಹೊರೆದುಕೊಂಡು ತಿರುಗಿದರು. ಇತ್ತ ಅವರ ಜಾಗಕ್ಕೆ ಬಂದವರು ಹೆನ್ರಿ ಮೆಕಲ್ಲಾ, ಎಲೆಕ್ಟ್ರಿಕ್ ಗಿಟಾರ್ ವಾದಕ. ಜಿಮಿ ಹೆಂಡ್ರಿಕ್ಸ್ ಜೊತೆ ಅಮೆರಿಕ ಪ್ರವಾಸದಲ್ಲಿದ್ದ ಐರ್ ಅಪಾರೆಂಟ್ ತಂಡದಿಂದ ಬಂದವರು. 1968ರ ಬೇಸಿಗೆಯ ಕೇಂಬ್ರಿಜ್ ಜಾನಪದ ಉತ್ಸವದಲ್ಲಿ ಬುಜುಕಿ, ಬ್ಯಾಂಜೊಗಳ ಪಕ್ಕದಲ್ಲಿ ಅವರ ಎಲೆಕ್ಟ್ರಿಕ್ ಗಿಟಾರ್ ಮೊಳಗಿತು. ಅಂದರೆ ‘ಲೀಜ್ ಆಂಡ್ ಲೀಫ್’ಗಿಂತ ಒಂದು ವರ್ಷಕ್ಕೂ ಹೆಚ್ಚು ಮೊದಲು. ಆದರೆ ಆ ಮೂವರೂ ಸೇರಿದ ಆಲ್ಬಂ ಆಗಲೇ ಇಲ್ಲ. ಮೆಕಲ್ಲಾ ರಾಕ್ ಗಾಯಕ ಜೋ ಕಾಕರ್ ಜೊತೆ ಹೋದರು, ಮರುವರ್ಷ ವುಡ್‌ಸ್ಟಾಕ್ ವೇದಿಕೆಯಲ್ಲಿದ್ದರು, ಇನ್ನೂ ಮುಂದೆ ಪಾಲ್ ಮೆಕಾರ್ಟ್ನಿಯ ವಿಂಗ್ಸ್ ಸೇರಿದರು. ಅವರೊಂದಿಗೆ ಒಂದು ಎಲ್‌ಪಿ ಆಗಿದ್ದರೆ ಇವತ್ತು ನೀವು ಈ ಪ್ರಶ್ನೆ ಕೇಳುತ್ತಿರಲಿಲ್ಲವೇನೋ.

ಉಳಿದ ಇಬ್ಬರು, ಮಾಯ್ನಿಹನ್ ಮತ್ತು ವುಡ್ಸ್, 1969ರಲ್ಲಿ ‘ದ ಟ್ರ್ಯಾಕ್ಸ್ ಆಫ್ ಸ್ವೀನಿ’ ಮಾಡಿದರು. ಇದು ವಿಚಿತ್ರ ಆಲ್ಬಂ. ಅರ್ಧದಷ್ಟು ಸ್ವಂತ ಹಾಡು, ಮಂಕು ಕವಿದಂಥ, ಕನಸಿನ ಧಾಟಿ. ಲೆನರ್ಡ್ ಕೋಹೆನ್ ಅವರ ಕವಿತೆಯೊಂದಕ್ಕೆ ಮಟ್ಟು ಹಾಕಿದ್ದೂ ಇದೆ. ಮೊದಲ ಆಲ್ಬಂನ ಹೆಣಿಗೆ ಹುಡುಕಿಕೊಂಡು ಬಂದವರಿಗೆ ಇಲ್ಲಿ ನಿರಾಸೆ. ಆದರೆ ಟೆರಿ ವುಡ್ಸ್ ಹಾಡಿರುವ ‘ಪ್ರೆಟಿ ಪಾಲಿ’ಯನ್ನು ತಪ್ಪಿಸಿಕೊಳ್ಳಬೇಡಿ. ಹುಡುಗಿಯೊಬ್ಬಳನ್ನು ನಂಬಿಸಿ ಕರೆದೊಯ್ದು ಕೊಲ್ಲುವ ಕಥೆ ಅದು, ಕೇಳುವಾಗ ಮೈ ಜುಮ್ಮೆನ್ನುತ್ತದೆ. ‘ಸ್ಟ್ಯಾಂಡಿಂಗ್ ಆನ್ ದ ಷೋರ್’ ಕೂಡ ಸೊಗಸು. ವಿಮರ್ಶಕರಲ್ಲಿ ಕೆಲವರು ಎರಡನೆಯದೇ ಮೇಲು ಎನ್ನುತ್ತಾರೆ. ನಾನು ಒಪ್ಪುವುದಿಲ್ಲ, ಜಗಳಕ್ಕೂ ಇಳಿಯುವುದಿಲ್ಲ. ಆ ವರ್ಷ ಮುಗಿಯುವುದರೊಳಗೆ ತಂಡವೂ ಮುಗಿಯಿತು.

ಸ್ಟೀಲೈ ಸ್ಪ್ಯಾನ್ ವಿಷಯ ಬಾಕಿ ಇತ್ತು. 1969ರ ಮೇ ತಿಂಗಳಲ್ಲಿ ಫೇರ್‌ಪೋರ್ಟ್ ತಂಡದ ವ್ಯಾನ್ ಹೆದ್ದಾರಿಯಲ್ಲಿ ಅಪಘಾತಕ್ಕೀಡಾಗಿ ಡ್ರಮ್ಮರ್ ಮಾರ್ಟಿನ್ ಲ್ಯಾಂಬಲ್ ತೀರಿಕೊಂಡರು. ಆ ನಂತರ ಬಾಸ್ ವಾದಕ ಆ್ಯಷ್ಲಿ ಹಚಿಂಗ್ಸ್ ಮನಸ್ಸು ಪೂರ್ತಿಯಾಗಿ ಸಾಂಪ್ರದಾಯಿಕ ಹಾಡಿನ ಕಡೆ ವಾಲಿತು. ಹೊಸ ತಂಡಕ್ಕೆ ಅವರು ಮನಸ್ಸಿನಲ್ಲಿ ಇಟ್ಟುಕೊಂಡಿದ್ದು ಸ್ವೀನೀಸ್ ಮೆನ್‌ನವರನ್ನೇ: ಮಾಯ್ನಿಹನ್, ಅರ್ವೈನ್, ಟೆರಿ ವುಡ್ಸ್, ಜೊತೆಗೆ ಟೆರಿಯ ಹೆಂಡತಿ ಗೇ. ಮಾಯ್ನಿಹನ್, ಅರ್ವೈನ್ ಹಿಂದೆ ಸರಿದರು. ಅವರ ಜಾಗಕ್ಕೆ ಟಿಮ್ ಹಾರ್ಟ್, ಮ್ಯಾಡಿ ಪ್ರಯರ್ ಬಂದರು. ಹೀಗೆ ಸ್ಟೀಲೈ ಸ್ಪ್ಯಾನ್ ಹುಟ್ಟಿತು. 1970ರ ಮೊದಲ ಆಲ್ಬಂ ‘ಹಾರ್ಕ್! ದ ವಿಲೇಜ್ ವೇಟ್’ನಲ್ಲಿ ವುಡ್ಸ್ ದಂಪತಿ ಇದ್ದಾರೆ. ಆ ಐವರು ಒಂದೇ ಒಂದು ಕಛೇರಿಯನ್ನೂ ಕೊಡುವ ಮೊದಲೇ ಬೇರೆಯಾದರು.

ಇಷ್ಟೆಲ್ಲ ಇದ್ದೂ ಮರೆತದ್ದೇಕೆ ಎಂದರೆ, ಮೊದಲನೆಯದಾಗಿ ಇವರನ್ನು ಯಾರ ಲೆಕ್ಕಕ್ಕೆ ಬರೆಯಬೇಕೆಂದೇ ಜನಕ್ಕೆ ಗೊತ್ತಾಗಲಿಲ್ಲ. ಫೋಕ್-ರಾಕ್ ಕಥೆ ಇಂಗ್ಲೆಂಡಿನದು, ಅಲ್ಲಿ ಇವರು ಅಡಿಟಿಪ್ಪಣಿ. ಐರಿಷ್ ಸಂಗೀತದ ಕಥೆ ಎಪ್ಪತ್ತರ ದಶಕದ ಪ್ಲಾಂಕ್ಸ್ಟಿ ತಂಡದಿಂದ ಶುರುವಾಗುತ್ತದೆ, ಅಲ್ಲಿ ಇವರು ಪೀಠಿಕೆ. ಮೂರು ವರ್ಷದಲ್ಲಿ ಐದು ಜನ ಬಂದುಹೋದ ತಂಡಕ್ಕೆ ಒಂದು ಮುಖವೂ ಇರಲಿಲ್ಲ. ಮೇಲಾಗಿ ಇವರಲ್ಲಿ ಯಾರಿಗೂ ಹೆಸರಿನ ಹಸಿವು ಇದ್ದಂತೆ ಕಾಣುವುದಿಲ್ಲ, ಆಲ್ಬಂ ಬಂದ ವರ್ಷವೇ ಬಲ್ಗೇರಿಯಾಕ್ಕೆ ಹೊರಡುವವರನ್ನು ಯಾವ ಕಂಪನಿ ತಾನೆ ಪ್ರಚಾರ ಮಾಡೀತು?

ಆದರೆ ಕೈಚಳಕ ಕೈಯಿಂದ ಕೈಗೆ ದಾಟಿತು. ಅರ್ವೈನ್ ತಮ್ಮ ಹತ್ತಿರ ಇದ್ದ ಒಂದು ಬುಜುಕಿಯನ್ನು ಐರಿಷ್ ವಾದಕ ಡೋನಲ್ ಲನ್ನಿಗೆ ಕೊಟ್ಟರು. ಲನ್ನಿ ಎಡಚರು. ತಂತಿಗಳನ್ನು ತಿರುಗುಮುರುಗು ಮಾಡಿ ಕಟ್ಟಿಕೊಂಡದ್ದಲ್ಲದೆ, ಕೆಳಗಿನ ಜೋಡಿಗಳಲ್ಲಿ ಒಂದು ತೆಳು ಒಂದು ದಪ್ಪ ಇದ್ದದ್ದನ್ನು ತೆಗೆದು ಎರಡೂ ಒಂದೇ ಸ್ಥಾಯಿಯ ತಂತಿ ಹಾಕಿದರು. ಆಮೇಲೆ ಪೀಟರ್ ಆ್ಯಬ್ನೆಟ್ ಎಂಬ ವಾದ್ಯ ತಯಾರಕರಿಂದ ಗ್ರೀಕ್ ವಾದ್ಯದ ಗುಂಡು ಬೆನ್ನನ್ನು ಬದಲಿಸಿದ ಬುಜುಕಿ ಮಾಡಿಸಿದರು. ಇವತ್ತು ಐರಿಷ್ ಬುಜುಕಿ ಎಂದು ಅಂಗಡಿಯಲ್ಲಿ ಸಿಗುವುದು ಈ ದಾರಿಯಲ್ಲಿ ಬಂದದ್ದು. 1972ರಲ್ಲಿ ಅರ್ವೈನ್, ಲನ್ನಿ, ಕ್ರಿಸ್ಟಿ ಮೂರ್, ಪೈಪ್ ವಾದಕ ಲಿಯಮ್ ಓಫ್ಲಿನ್ ಸೇರಿ ಪ್ಲಾಂಕ್ಸ್ಟಿ ಕಟ್ಟಿದಾಗ ಅದರ ಬೆನ್ನೆಲುಬು ಅದೇ ಹೆಣಿಗೆ. ಲನ್ನಿ ಬಿಟ್ಟಾಗ ಒಳಬಂದವರು ಯಾರು? ಮಾಯ್ನಿಹನ್. ಟೆರಿ ವುಡ್ಸ್ ಎಂಬತ್ತರ ದಶಕದಲ್ಲಿ ಪೋಗ್ಸ್ ತಂಡ ಸೇರಿದರು. ಅರ್ವೈನ್ ಬಾಲ್ಕನ್ ತಿರುಗಾಟದಿಂದ ಹೊತ್ತುತಂದ ಏಳು ಮಾತ್ರೆ, ಹನ್ನೊಂದು ಮಾತ್ರೆಯ ಲಯಗಳು ಪ್ಲಾಂಕ್ಸ್ಟಿಗೆ ಬಂದು, 1992ರ ‘ಈಸ್ಟ್ ವಿಂಡ್’ ಆಲ್ಬಂಗೆ ದಾಟಿದವು. ಅದರಲ್ಲಿ ಕೈಜೋಡಿಸಿದ ಬಿಲ್ ವೀಲನ್ ಅವರೇ 1994ರಲ್ಲಿ ‘ರಿವರ್‌ಡ್ಯಾನ್ಸ್’ ಎಂಬ ಐರಿಷ್ ನೃತ್ಯ ಪ್ರದರ್ಶನಕ್ಕೆ ಸಂಗೀತ ಮಾಡಿದವರು. ಮಿಶ್ರ ಛಾಪು ಕೇಳಿ ಬೆಳೆದ ನಮಗೆ ಏಳರ ಎಣಿಕೆ ಹೊಸದಲ್ಲ, ಐರ್ಲೆಂಡಿಗೆ ಮಾತ್ರ ಅದು ಹೊಸ ಸುದ್ದಿ. 2012ರಲ್ಲಿ ಅರ್ವೈನ್‌ಗೆ ಎಪ್ಪತ್ತು ತುಂಬಿದಾಗ ಡಬ್ಲಿನ್ನಿನ ವಿಕರ್ ಸ್ಟ್ರೀಟ್ ಸಭಾಂಗಣದಲ್ಲಿ ಅರ್ವೈನ್, ಮಾಯ್ನಿಹನ್, ವುಡ್ಸ್ ಮೂವರೂ ಮತ್ತೆ ಒಟ್ಟಿಗೆ ನುಡಿಸಿದರು. ಅದರ ಧ್ವನಿಮುದ್ರಣವೂ ಇದೆ.

ಕೇಳುವ ಕ್ರಮ ಹೇಳುವುದಾದರೆ: ಮೊದಲು ‘ರ‍್ಯಾಟ್ಲಿನ್ ರೋರಿನ್ ವಿಲ್ಲಿ’, ಆಮೇಲೆ ‘ವಿಲ್ಲಿ ಓ ವಿನ್ಸ್‌ಬರಿ’, ‘ಮೈ ಡಿಯರೆಸ್ಟ್ ಡಿಯರ್’, ‘ಸಲಿವನ್ಸ್ ಜಾನ್’, ಕೊನೆಗೆ ಎರಡನೆಯ ಆಲ್ಬಂನ ‘ಪ್ರೆಟಿ ಪಾಲಿ’. ಎರಡೂ ಎಲ್‌ಪಿ ಮತ್ತು ಸಿಂಗಲ್‌ಗಳು ಬೇಕೆಂದರೆ 2004ರಲ್ಲಿ ಬಂದ ‘ದ ಲೆಜೆಂಡ್ ಆಫ್ ಸ್ವೀನೀಸ್ ಮೆನ್’ ಸಂಕಲನ ಹುಡುಕಿ.

ಇನ್ನು ನಿಮ್ಮ ಮ್ಯಾಂಡೊಲಿನ್. ಬುಜುಕಿ ಕೊಳ್ಳುವ ಖರ್ಚು ಈಗಲೇ ಬೇಡ. ಇ ತಂತಿಗಳ ಜೋಡಿಯನ್ನು ಡಿಗೆ ಇಳಿಸಿ. ಸಡಿಲಿಸುವುದಷ್ಟೇ ಆದ್ದರಿಂದ ತಂತಿ ಹರಿಯುವ ಭಯವಿಲ್ಲ, ಸ್ವಲ್ಪ ಝರ್ ಎಂದರೆ ಆ ಜೋಡಿಗೆ ಮಾತ್ರ ಒಂದು ಅಳತೆ ದಪ್ಪದ ತಂತಿ ಹಾಕಿ. ಮೇಲಿನ ಡಿಯಲ್ಲಿ ಮಟ್ಟು ಹಿಡಿಯಿರಿ, ಎ ಜೋಡಿಯನ್ನು ಬಿಟ್ಟೇ ಮೀಟಿ. ಕಾರ್ಡ್ ಹಿಡಿಯುವ ಆಸೆ ಬಂದರೆ ತಡೆದುಕೊಳ್ಳಿ. ಬೆರಳು ಈ ಶ್ರುತಿಗೆ ಹೊಂದಿಕೊಂಡ ಮೇಲೆ ಗೆಳೆಯರೊಬ್ಬರನ್ನು ಕೂರಿಸಿಕೊಂಡು ‘ವಿಲ್ಲಿ ಓ ವಿನ್ಸ್‌ಬರಿ’ ಮಟ್ಟನ್ನು ಹಾಡಿಸಿ. ಅವರು ಹಾಡುವ ಸಾಲನ್ನೇ ನೀವು ನುಡಿಸಬೇಡಿ. ಅವರು ನಿಲ್ಲಿಸಿದಲ್ಲಿ ನೀವು ಸಾಗಿ, ಅವರು ಮೇಲೆ ಹೋದಾಗ ನೀವು ಕೆಳಗಿಳಿಯಿರಿ. ಮೊದಲು ಪೂರಾ ಗೋಜಲಾಗುತ್ತದೆ, ಗೆಳೆಯರು ಬೈಯುತ್ತಾರೆ. ಒಂದು ಸಾಲು ಸರಿಯಾಗಿ ಕೂತಿತೆಂದರೆ ಮುಂದಿನದನ್ನು ಯಾರೂ ಹೇಳಿಕೊಡಬೇಕಾಗಿಲ್ಲ.